ಅತ್ತೆಯ ಪಕ್ಕದ ಸ್ಪೀಕರು

ಜಾರ್ಜ್‌ಟೌನ್, ಪೆನಾಂಗ್

ಪರಂಪರೆ ಕಚೇರಿಯ ರಜ್ಲಾನ್ ಅವರಿಗೆ,

ನಮ್ಮ ಹಳೆಯ ಮನೆಗೆ ಪರಂಪರೆಯ ಮೌಲ್ಯವಿದೆ ಎಂದು ನೀವು ಫಲಕ ಹಾಕಿಸಿದ್ದು ಸಂತೋಷ. ಅದೀಗ ನೈಟ್‌ಕ್ಲಬ್ಬು. ಮೈದುನಂದಿರು ಬಾಡಿಗೆಗೆ ಕೊಟ್ಟರು, ನಾನೊಬ್ಬಳು ಬೇಡವೆಂದರೆ ಯಾರು ಕೇಳುತ್ತಾರೆ?

ನಡುಮನೆಯ ಪೀಠದ ಮೇಲೆ ನಮ್ಮ ಹಿರಿಯರ ಹೆಸರು ಕೊರೆದ ಮರದ ಹಲಗೆಗಳಿವೆ. ಸತ್ತ ಮೇಲೆ ಅವರು ಇರುವುದೇ ಆ ಹಲಗೆಗಳಲ್ಲಿ. ಹೋದ ವಾರ ಅತ್ತೆಯ ಹಲಗೆಯನ್ನು ನನ್ನ ಫ್ಲ್ಯಾಟಿಗೆ ಒಯ್ಯಲು ಬಂದಿದ್ದೆ. ಮೊದಲು ಅವರನ್ನೇ ಕೇಳಬೇಕಲ್ಲ, ಮಂಡಿಯೂರಿ ಜೋಡಿ ಮರದ ಬಿಲ್ಲೆ ಎಸೆದೆ.

"ಅತ್ತೆ, ನನ್ ಜೊತೆ ಬರ್ತೀರಾ?"

ಒಂದು ಕವುಚಿ, ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಮೂರು ಸಲವೂ ಹಾಗೆಯೇ ಬಿತ್ತು. ಬದುಕಿದ್ದಾಗ ಅವರು ನನ್ನ ಯಾವ ಮಾತನ್ನೂ ಇಷ್ಟು ಬೇಗ ಒಪ್ಪಿದವರಲ್ಲ.

ಹಲಗೆ ಎತ್ತಿಕೊಂಡು ಹೊರಟರೆ ನೀವು ಬಾಗಿಲಲ್ಲೇ ತಡೆದಿರಿ. "ಆಂಟಿ, ಅದೂ ಈ ಕಟ್ಟಡದ ಭಾಗಾನೇ. ಏನನ್ನೂ ಅಲುಗಾಡಿಸೋ ಹಾಗಿಲ್ಲ."

ಕ್ಲಬ್ಬಿನ ಕೆಲ್ವಿನ್ ನಗುತ್ತಾ, "ಇರ್ಲಿ ಬಿಡಿ ಆಂಟಿ, ಗಿರಾಕಿಗಳು ಅಲ್ಲೇ ನಿಂತು ಫೋಟೊ ತೆಗಿಸ್ಕೋತಾರೆ. ಅಜ್ಜಿಗೂ ಹೊತ್ತು ಹೋಗುತ್ತೆ" ಎಂದ.

ಬರುತ್ತೇನೆ ಎಂದವರನ್ನು ಅಲ್ಲೇ ಕೂರಿಸಿ ಬಂದೆ. ಮನೆಯಲ್ಲಿ ಅವರಿಗೆಂದು ತೆರವು ಮಾಡಿದ ಕಪಾಟು ಖಾಲಿ ಇದೆ.

ನಿಯಮ ಬದಲಿಸಿ ಎಂದು ಕೇಳುವುದಿಲ್ಲ. ಅತ್ತೆಗೆ ಗದ್ದಲವಾದರೆ ತಲೆನೋವು ಬರುತ್ತಿತ್ತು. ಅವರ ಪಕ್ಕದಲ್ಲಿಟ್ಟ ದೊಡ್ಡ ಸ್ಪೀಕರನ್ನು ಕೊಂಚ ಆಚೆ ಸರಿಸಲು ಹೇಳಿ. ಅದಕ್ಕೆ ಪರಂಪರೆಯ ಮೌಲ್ಯ ಇಲ್ಲವಲ್ಲ, ಅಲುಗಾಡಿಸಬಹುದು.

ಇತಿ,
ಊಯ್ ಸ್ವೀ ಗೈಕ್
ಆ ಮನೆಯ ಹಿರಿಯ ಸೊಸೆ