ಫಾಲ್ಸ್ ಸೀಲಿಂಗಿನ ಮೇಲಿನ ನೀರು

ದುಬೈ, ಮಂಗಳವಾರ

ಬ್ರೋಕರ್ ಡ್ಯಾರಲ್‌ಗೆ,

ಹೋದ ಭಾನುವಾರ ನಮ್ಮ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ನೀನು, ನವೀಕರಿಸಿದ ಆ ಟೌನ್‌ಹೌಸಿಗೆ ಇಪ್ಪತ್ತೆಂಟು ಲಕ್ಷ ದಿರ್ಹಮ್ ಕಡಿಮೆಯೇ ಎಂದು ಬರೆದೆ. ಸೋರಿಕೆಯ ಮಾತನ್ನು ನುಂಗಿಬಿಟ್ಟೆ. ಅಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದವನು ನಾನು. ಊಟದ ಮೇಜಿನ ಮೇಲೆಯೇ ಪೈಪ್ ಸೋರುತ್ತಿತ್ತು. ನಿನ್ನ ಫೋಟೋದಲ್ಲಿ ಈಗ ಅಲ್ಲಿ ಹೊಸ ಫಾಲ್ಸ್ ಸೀಲಿಂಗ್ ಇದೆ.

ಕ್ರಿಸ್‌ಮಸ್ ಊಟಕ್ಕೆ ಬಂದಿದ್ದಾಗ ನಿನ್ನ ತಟ್ಟೆಯಲ್ಲಿದ್ದ ಇಡ್ಲಿಯಂಥ ಸಾನ್ನದ ಮೇಲೇ ನೀರು ತೊಟ್ಟಿಕ್ಕಿತ್ತು. "ಸಾನ್ನಕ್ಕೂ ಬ್ಲೆಸಿಂಗ್ ಸಿಕ್ಕಿತಲ್ಲ ಅಂಕಲ್" ಎಂದು ನಕ್ಕು ಕುರ್ಚಿ ಸರಿಸಿದವನು ನೀನೇ.

ನಮ್ಮ ಸಂಘದ ನರ್ಸ್ ಶಾರನ್ ಆ ಮನೆ ಕೊಳ್ಳಲು ಹದಿನಾರು ವರ್ಷದ ಉಳಿತಾಯವನ್ನು ಶುಕ್ರವಾರ ನಿನಗೆ ಮುಂಗಡವಾಗಿ ಕೊಡಲಿದ್ದಾಳೆ. ಅದಕ್ಕೆ ಮೊದಲು ಪೈಪ್ ಬದಲಿಸಿದ ಬಿಲ್ಲನ್ನು ಗ್ರೂಪಿನಲ್ಲಿ ಹಾಕು. ಬಿಲ್ ಇಲ್ಲದಿದ್ದರೆ, ಸೋರುವುದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅಲ್ಲೇ ಬರೆ. ನನಗೆ ಫೋನ್ ಮಾಡಬೇಡ. ಉತ್ತರವನ್ನು ಎಲ್ಲರೂ ಓದಬೇಕು.

ಅಂದು ನಿನಗೆ ಬೇರೆ ತಟ್ಟೆ ತಂದುಕೊಟ್ಟ,
ಮಾರ್ಸೆಲ್