ಹೆಂಗಸರ ಕಡೆಯ ಫೋಟೋ

ನವೆಂಬರ್ 9, ಶನಿವಾರ

ಮತ್ತೆ ಅದೇ ಕನಸು. ತಂಗಿ ಬೇನಜೀರ ಕ್ಯಾಮರಾ ಹಿಡಿದು ನಿಂತಿದ್ದಾಳೆ. ಎದುರಿಗೆ ಅಬ್ಬಾ, ಅಮ್ಮಿ, ನಾನು. "ಭೈಯಾ, ಜರಾ ಸರಿ" ಅನ್ನುತ್ತಾಳೆ. ಸರಿದೆ. "ಇನ್ನೂ ಜರಾ." ಸರಿಯುತ್ತ ಸರಿಯುತ್ತ ಸ್ಟೇಶನ್ ರೋಡಿಗೇ ಬಂದುಬಿಟ್ಟೆ. ಒಳಗೆ ಫ್ಲ್ಯಾಶ್ ಹೊಡೆದದ್ದು ಬಾಗಿಲ ಸಂದಿಯಿಂದ ಕಂಡಿತು. ಎದ್ದಾಗ ಎದೆ ಡವಡವ. ಬಿಪಿ ಇರಬಹುದು. ತೋರಿಸಬೇಕು.

ಸ್ಟುಡಿಯೋ ತೆರೆದೆ. ಪಾಸ್‌ಪೋರ್ಟ್ ಫೋಟೋ, ಆಧಾರ್ ಲ್ಯಾಮಿನೇಶನ್. ರಾಣೆಬೆನ್ನೂರಿಗೆಲ್ಲ ಬೇಕಾದದ್ದು ಇಷ್ಟೇ ಏನೋ. ಅಬ್ಬಾ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ, ಎಂಟನೇ ಇಯತ್ತೆ ಬಿಟ್ಟು ಈ ಸ್ಟೂಲಿನ ಮೇಲೆ ಕೂತೆ. ಇನ್ನೂ ಎದ್ದಿಲ್ಲ.

ಈಗ ಅವರ ಎರಡೂ ಕಣ್ಣಿಗೆ ಪೊರೆ. ಶುಗರ್ ಇಳಿಯದೆ ಆಪರೇಶನ್ ಇಲ್ಲ. ಹೊಸ ವರ್ಷಕ್ಕೆ ದೊಡ್ಡ ಕ್ಯಾಮರಾ ಒಬ್ಬರ ಕೈಗೆ ಕೊಡುತ್ತಾರಂತೆ. ನನಗೋ, ತಂಗಿಗೋ... ಹೇಳಿಲ್ಲ. ಸಿಕ್ಕವರಿಗೆ ಮದುವೆ ಆರ್ಡರ್. ಸಿಗದವರಿಗೆ ಈ ಸ್ಟೂಲು.

ನವೆಂಬರ್ 10, ಭಾನುವಾರ

ಬ್ಯಾಡಗಿಯಲ್ಲಿ ಮದುವೆ. ಮೆಣಸಿನಕಾಯಿ ವ್ಯಾಪಾರಿ ಮನೆ. ಗಂಡಸರ ಕಡೆ ನಾನು, ಪಕ್ಕದ ಕುರ್ಚಿಯಲ್ಲಿ ಅಬ್ಬಾ; ಹೆಂಗಸರ ಕಡೆ ಬೇನಜೀರ, ನಡುವೆ ಪರದೆ. ಇಂಥ ಮನೆಗಳ ಕರಾರು ಒಂದೇ — ಹೆಂಗಸರ ಕಡೆಯ ಫೋಟೋ ಯಾವ ಗಂಡಸೂ ನೋಡುವಂತಿಲ್ಲ. ತೆಗೆಯುವವಳೂ ಅವಳೇ, ಕಂಪ್ಯೂಟರಿನಲ್ಲಿ ಆರಿಸುವವಳೂ ಅವಳೇ. ಇಷ್ಟು ಮದುವೆಗಳ ಫೋಟೋ ತೆಗೆದಿದ್ದಾಳೆ, ಅವಳ ಒಂದು ಫೋಟೋ ನಾನು ಕಂಡಿಲ್ಲ. ಹೊಗಳಿಕೆ ಮಾತ್ರ ಕಿವಿ ತುಂಬ.

ಇವತ್ತೂ ಅಷ್ಟೇ. ವರನ ಅಜ್ಜಿ ಸಕೀನಾಬಿ ಪರದೆಯಾಚೆಯಿಂದ ಅಬ್ಬಾನನ್ನು ಕೂಗಿ ಹೇಳಿದಳು: "ಕುತುಬುದ್ದೀನಭಾಯಿ, ನಮ್ಮ ಮಗನ ಶಾದಿಯಾಗ ಆವಾಗ ನೀವು ಹೊಡದಂಗ, ನಿಮ್ಮ ಮಗಳೂ ಎರಡೂ ಕಣ್ಣು ತೆರಕೊಂಡ ಫೋಟೋ ಹೊಡೀತಾಳ ನೋಡ್ರಿ."

"ಅದು ಕಲಿಸಿದ್ದಲ್ಲರಿ" ಎಂದು ಅಬ್ಬಾ ನಕ್ಕರು. "ರಕ್ತದಾಗ ಬಂದೈತಿ."

ಹಾಗಾದರೆ ನನ್ನದು ಯಾರ ರಕ್ತ? ಎಡಗಣ್ಣು ಮುಚ್ಚದೆ ನನಗೆ ಕ್ಯಾಮರಾದಲ್ಲಿ ಏನೂ ಕಾಣುವುದಿಲ್ಲ. ಮಾಳಿಗೆಯ ಮೇಲೆ ಕೂರಿಸಿ, "ಬೆಳಕು ಎಲ್ಲಿಂದ ಬಂತು ಹೇಳು" ಎಂದು ಅಬ್ಬಾ ಮೊದಲು ಕೇಳಿದ್ದು ನನ್ನನ್ನು. ಅವಳಿನ್ನೂ ಹುಟ್ಟಿರಲಿಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ನನ್ನೊಳಗಿನದು ಉಲ್ಟಾ. ಹೊರಗೆ ಬಣ್ಣ ಕಾಣುವುದಿಲ್ಲ.

ನವೆಂಬರ್ 13, ಬುಧವಾರ. ಮಧ್ಯಾಹ್ನ

ಬೇನಜೀರ ಬ್ಯಾಡಗಿ ಮದುವೆಯ ಮೆಮರಿ ಕಾರ್ಡ್ ಡ್ರಾದಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದಳು. ಕಂಪ್ಯೂಟರಿಗೆ ಹಾಕಿದೆ. ಫೋಲ್ಡರ್ ಬಂತು. ತೆರೆಯಲಿಲ್ಲ. ಯಾರದೋ ಮನೆಯ ಹೆಣ್ಣುಮಕ್ಕಳು, ನಂಬಿ ಕೂತಿದ್ದವರು... ತೆಗೆದು ಇದ್ದಲ್ಲೇ ಇಟ್ಟೆ.

ಆದರೆ ತೆರೆಯಲಿಲ್ಲ ಎಂಬುದಕ್ಕೆ ಸಾಕ್ಷಿ ಯಾರು? ಕಂಪ್ಯೂಟರ್ ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದಂತೆ. ಬ್ಯಾಡಗಿಯವರಿಗೆ ಗೊತ್ತಾದರೆ ಸ್ಟುಡಿಯೋ ಹೆಸರು ಮಣ್ಣುಪಾಲು. ಮಧ್ಯಾಹ್ನದ ರೊಟ್ಟಿ ಡಬ್ಬಿಯಲ್ಲೇ ಇದೆ.

ನವೆಂಬರ್ 14

"ಭೈಯಾ, ಕಂಪ್ಯೂಟರ್ ನಿಂತೈತಿ, ಲಗೂ ಬಾ."

ಗೊತ್ತಾಯಿತು ಅಂದುಕೊಂಡೇ ಹೋದೆ. ನೋಡಿದರೆ ಫೋಟೋ ನನಗೆ ಕಾಣದಂತೆ ಮಾನಿಟರಿಗೆ ಓಢಣಿ ಹೊದಿಸಿದ್ದಾಳೆ.

"ಮದುಮಗಳಿಗಿಂತ ಇದಕ್ಕ ಘೂಂಘಟ್ ಜಾಸ್ತಿ ಆತು" ಅಂದೆ.

"ನಿನ್ನ ಮುಖಕ್ಕ ಹಾಕೂದಿತ್ತು. ಬಟ್ಟಿ ಸಾಲಲಿಲ್ಲ."

ನಗು ಬಂತು. ನಗಲಿಲ್ಲ. ನೆಲ ನೋಡುತ್ತ ವೈರ್ ಕಿತ್ತು, ಮತ್ತೆ ಸಿಕ್ಕಿಸಿ ಬಂದೆ.

ನವೆಂಬರ್ 24, ಭಾನುವಾರ. ಸಂಜೆ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಅಬ್ಬಾ ಅವಳನ್ನು ಕೂರಿಸಿಕೊಂಡು ಕೇಳಿದರು: "ಬೇಟಿ, ಹೆಂಗಸರಿಲ್ಲದ್ದು ಒಂದಾದ್ರೂ ಫೋಟೋ ತೋರಿಸು. ನಿನ್ನ ಕೆಲಸ ಗೊತ್ತಾಗದ ನಾ ಹೆಂಗ ಕ್ಯಾಮರಾ ಕೊಡ್ಲಿ?"

ಒಂದೇ ಒಂದು ತೆರೆದಳು. ಬ್ಯಾಡಗಿಯದು. ಹೆಂಗಸರ ಕಡೆಯ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ರಾಶಿ. ಹರಳಿನವು, ಜರಿಯವು, ಎಲ್ಲ ನೆರಳಿನಲ್ಲಿ. ಬಾಗಿಲ ಸಂದಿಯ ಬೆಳಕು ಬಿದ್ದದ್ದು ನಡುವಿನ ಒಂದು ಕರಿ ಜೋಡಿನ ಮೇಲೆ ಮಾತ್ರ. ಹಿಮ್ಮಡಿ ಸವೆದ ಗೆರೆಯೂ ಸ್ಪಷ್ಟ, ಒಂದು ಕಡೆಗೆ ವಾಲಿದ್ದು. ಆ ಹೆಂಗಸು ಕುಂಟುತ್ತ ಒಳಗೆ ಹೋದದ್ದು ಕಂಡಂತಾಯಿತು.

ನಾನೂ ಆ ಬಾಗಿಲ ಮುಂದೆ ಎಷ್ಟು ಸಲ ಓಡಾಡಿದ್ದೆ. ಎಡವಬಾರದು ಎಂಬುದಷ್ಟೇ ನನಗೆ ಹೊಳೆದದ್ದು.

ಅಬ್ಬಾ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಬಣ್ಣ ಕಾಣತಾವು, ಅಂಚು ಕಾಣವಲ್ದು. ಕೈಸರ, ನೀ ಹೇಳಪಾ. ಫೋಕಸ್ ಐತೇನು? ನೀ ಹೇಳಿದ್ದ ಖರೇ."

ತಂಗಿ ನನ್ನ ಕಡೆ ನೋಡಿದಳು.

"ಜರಾ ಮಂಜ ಐತ್ರಿ, ಅಬ್ಬಾ" ಅಂದುಬಿಟ್ಟೆ.

ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. "ಹೌದೇನ? ಭೈಯಾನ ಕಣ್ಣು ಚಲೋ ಅದಾವು. ಇರಬೇಕು" ಅಂದು ಚಹಾ ಇಡಲು ಎದ್ದುಹೋದಳು.

ಗಿರಾಕಿ ಬಂದ ನೆಪ ಮಾಡಿ ಕೌಂಟರಿಗೆ ಬಂದು ಕೂತಿದ್ದೇನೆ. ಅಂಗಡಿಯಲ್ಲಿ ಯಾರೂ ಇಲ್ಲ. ಒಳಗೆ ಫೋಟೋ ಇನ್ನೂ ತೆರೆದೇ ಇದೆ. ಅಬ್ಬಾ ಅದರ ಮುಂದಿಂದ ಎದ್ದಿಲ್ಲ. ಈಗ ಮತ್ತೆ ಕರೆಯುತ್ತಿದ್ದಾರೆ —

"ಕೈಸರ, ಅಕಿ ಚಹಾ ತರೂದ್ರಾಗ ಇನ್ನೊಮ್ಮೆ ನೋಡಿ ಹೇಳು ಬಾ. ನಡುವ ಕರ್ರಗ ಕಾಣತೈತಲ್ಲ, ಅದನ್ನ ದೊಡ್ಡದು ಮಾಡು. ಚಪ್ಪಲಿಗೆ ಹೆಬ್ಬೆರಳು ಹಾಕೂ ಅಂಗುಟದ ಹತ್ರ ಹೊಲಿಗಿ ಇರತೈತಿ. ಅದರ ದಾರ ಬಿಡಿಬಿಡಿಯಾಗಿ ಕಂಡರ ಫೋಕಸ್ ಐತಿ ಅಂತ ತಿಳಿ. ಕಾಣತೈತೇನು..."