ಆಮೆಗೆ ಇಟ್ಟ ಹೆಸರು

ಗಂಜಾಂ, ಶ್ರೀರಂಗಪಟ್ಟಣ
೧೪ ಜುಲೈ ೧೯೯೬, ಭಾನುವಾರ

ಪ್ರೀತಿಯ ಅವ್ವಾ,

ದೇವಲಾಪುರದ ಮಗಳ ಮನೆಯ ಜಗಲಿಯಲ್ಲಿ ಎಲೆಅಡಿಕೆ ಸಮೇತ ವಿರಾಜಮಾನರಾಗಿರುವ ಸಭಾಧ್ಯಕ್ಷರೇ, ಈ ಕಾಗದವನ್ನು ಓದಿ ಹೇಳುವ ಹೊಣೆ ಹೊತ್ತ ಮೊಮ್ಮಗಳು ಕುಮಾರಿ ಅರ್ಪಿತಳೇ, ನಡುನಡುವೆ ಬಾಯಿ ಹಾಕಲಿರುವ ನನ್ನ ತಂಗಿಯೇ, ಕೊಟ್ಟಿಗೆಯಿಂದಲೇ ಕಿವಿ ನಿಮಿರಿಸಿರುವ ಎಮ್ಮೆಗಳೇ, ಮಕ್ಕಳ ಸಾಹಿತಿ ಎಂದು ಇನ್ನೂ ಯಾರೂ ಒಪ್ಪಿರದ ರವೀಂದ್ರನ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಮಗಳ ಮನೆಯೆಂದು ಸಂಕೋಚವೋ? ಇಲ್ಲಿ ಹೊಳೆ ಕೆಂಪಗೆ ತುಂಬಿ ಬಂದಿದೆ. ಹಸು ನಿನ್ನ ಕೈಯಿಲ್ಲದೆ ಕೊಸರಾಡುತ್ತದೆ. ನಾನು ಕರೆಯಲು ಕೂತರೆ ಹೊಸ ಅಳಿಯನನ್ನು ನೋಡಿದಂತೆ ನೋಡುತ್ತದೆ. ನಿನ್ನ ಸೊಸೆ ಪ್ರಮೀಳಾ ಎಂದಿನಂತೆ ಶಾಲೆಯಲ್ಲಿ ಮೂರನೇ ಕ್ಲಾಸನ್ನೂ ಮನೆಯಲ್ಲಿ ನನ್ನನ್ನೂ ಹದ್ದುಬಸ್ತಿನಲ್ಲಿಟ್ಟಿದ್ದಾಳೆ.

ಈಗ ಸುದ್ದಿ. ಮೈಸೂರಿನ ಪ್ರಕಾಶಕರೊಬ್ಬರು ನನ್ನ ಪದ್ಯದ ಕಥೆಯನ್ನು ಪುಸ್ತಕ ಮಾಡುತ್ತಾರಂತೆ! ಡಿಗ್ರಿ ಮುಗಿಸಿದಂದಿನಿಂದ ಬರೆಯುತ್ತಿದ್ದೇನೆ, ನಿನಗೇ ಗೊತ್ತು. ಅಂಚೆಗೆ ಹಾಕಿದ್ದೆಲ್ಲ ನನಗಿಂತ ಮುಂಚೆ ಮನೆ ಸೇರುತ್ತಿತ್ತು. ಆದರೂ ಡೈರಿಗೆ ಹಾಲು ಹಾಕಿ ಬಂದು, ಕಚೇರಿಯ ಬಸ್ಸು ಬರುವ ತನಕ ಜಗಲಿಯಲ್ಲಿ ಕೂರುವುದನ್ನು ಬಿಡಲಿಲ್ಲ. ಮಕ್ಕಳಿಗೆ ಬರೆಯುವುದು ಸುಲಭವೆಂದುಕೊಂಡಿದ್ದೆ. ದೊಡ್ಡವರು ಬೇಸರವಾದರೂ ತಲೆದೂಗುತ್ತಾರೆ, ಮಕ್ಕಳು ಎದ್ದುಹೋಗುತ್ತಾರೆ. ಬೀದಿಯ ಮಕ್ಕಳು ಎದ್ದುಹೋದ ಕಡೆಯೆಲ್ಲ ತಿದ್ದಿ ತಿದ್ದಿಯೇ ಈ ಕಥೆ ಆದದ್ದು. ನಿಮಿಷಾಂಬ ಗುಡಿಯ ಮೆಟ್ಟಿಲಿನಿಂದ ಹೊರಟು ನಡುವೆ ಹೊಳೆಗೂ ಜಾರಿ, ಹೊಳೆಯಾಚೆಯ ತಂಗಿಯ ಮನೆಗೆ ಹೋಗುವ ಒಂದು ಆಮೆ. ಯಾರು ಎಷ್ಟು ಅವಸರ ಮಾಡಿದರೂ ಅವಸರಪಡದ ಆಮೆ.

ನಂಜಪ್ಪ ಎಂಬ ಆಮೆ ಹೊರಟ,
ನಾಳಿದ್ದು ಮುಗಿದೀತು ಅವನ ಓಟ;
ದಾರೀಲಿ ಸಿಕ್ಕಿತು ಸೌತೆ ತೋಟ,
ಅಲ್ಲೇ ಆಯ್ತು ಮೂರ್ಹೊತ್ತಿನೂಟ!

ಹೌದು ಅವ್ವಾ, ಅಪ್ಪನ ಹೆಸರೇ. ಪ್ರಾಸಕ್ಕೆ ಅದೊಂದೇ ಕೂಡಿಬಂತು. ಅರ್ಪಿತಾ, ಅಜ್ಜಿ ಮುಖ ತಿರುಗಿಸಿದರೂ ಮುಂದೆ ಓದು.

ಅಚ್ಚಿಗೆ ಹೋಗುವ ಮೊದಲು ಕ್ಲಾಸಿನಲ್ಲಿ ಓದಿ ನೋಡೆಂದು ಪ್ರಮೀಳಾಗೆ ಕೊಟ್ಟೆ. ‘ಮಾವನ ಹೆಸರ್ನ ಸೊಸೆಯಾದೋಳು ಮಕ್ಕಳ ಮುಂದೆ ಕೂಗಾದೆಂಗ್ರೀ?’ ಅಂದಳು. ನೀನು ಮೇಡಮ್ಮಲ್ಲವೇ ಅಂದರೆ, ‘ಮೇಡಮ್ಮು ಸ್ಕೂಲ್ಗೆ, ಸೊಸೆ ನಿಮ್ಮನೇಗೆ’ ಅಂತ ಉತ್ತರ. ಆದರೂ ಓದಿದಳು. ಹೆಸರು ಬಂದ ಕಡೆಯೆಲ್ಲ ಅದರ ಬದಲು ‘ನಮ್ಮ ಮಾವನೋರು’ ಎಂದು ಸೇರಿಸಿ, ಮರ್ಯಾದೆಗೆ ‘ಹೊರಟರು’, ‘ಊಟ ಮಾಡಿದರು’ ಎಂದೂ ತಿದ್ದಿದಳು. ಪ್ರಾಸ ಅಲ್ಲೇ ಪ್ರಾಣ ಬಿಟ್ಟಿತು. ಆದರೆ ಒಂದು ಮಗುವೂ ಎದ್ದುಹೋಗಲಿಲ್ಲವಂತೆ. ಸಂಜೆಗೆ ಬೀದಿಯ ತುಂಬ ಒಂದೇ ಕೂಗು: ‘ನಮ್ಮ ಮಾವನೋರು ಹೊಳೇಗೆ ಜಾರಿದ್ರು!’

ಎದುರುಮನೆ ಚಲುವಯ್ಯನ ಮಾವ ಅದೇ ವಾರ ಹೊಳೆಯ ಮೆಟ್ಟಿಲಲ್ಲಿ ನಿಜಕ್ಕೂ ಜಾರಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಚಲುವಯ್ಯ ಪಂಚೆ ಎತ್ತಿ ಕಟ್ಟಿಕೊಂಡೇ ಬಂದ. ‘ಏನ್ಲಾ ರವೀಂದ್ರ, ನಮ್ ಮಾವ ಬಿದ್ರೆ ನೀನು ಪದ ಕಟ್ಟಿ ಊರ್ಗೆಲ್ಲ ಹಾಡುಸ್ತೀಯೇನ್ಲಾ?’ ಅದು ಆಮೆ ಕಣಪ್ಪಾ ಅಂದೆ. ‘ನಮ್ ಮಾವನ್ನ ಆಮೆ ಬ್ಯಾರೆ ಅಂತೀಯಾ?’ ಅಂತ ಇನ್ನೊಂದು ಮೆಟ್ಟಿಲು ಹತ್ತಿದ. ಕಾಫಿ ಕೊಟ್ಟು, ಕೂರಿಸಿ, ಮೊದಲಿನಿಂದ ಕೊನೆಯವರೆಗೂ ಅಸಲು ಹೆಸರಿನಲ್ಲೇ ಓದಿದೆ. ಕೇಳುತ್ತಾ ಕೇಳುತ್ತಾ ಪಂಚೆ ಇಳಿಬಿಟ್ಟ. ‘ಲೇ, ಇದು ನಿಮ್ಮಪ್ಪನೇ ಕಣ್ಲಾ. ಗದ್ದೆಗೆ ಹೊಂಟ್ರೆ ಅಂಗೇ ಅಲ್ವಾ ಹೋಯ್ತಿದ್ದುದ್ದು? ಸಿಕ್ಕೋರ್ನೆಲ್ಲ ಮಾತಾಡುಸ್ಕಂಡು, ಕೆಲ್ಸ ಅಲ್ಲೇ ಬುಟ್ಟು...’ ಅಂದವನು, ಲೋಟ ಕೆಳಗಿಟ್ಟು ಹೋದ.

ಈಗ ತೀರ್ಮಾನ ನಿನ್ನದು. ಹೆಸರು ಬದಲಿಸುವುದಿದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ, ಆಮೇಲೆ ಆಗದು ಎಂದು ಪ್ರಕಾಶಕರು ಬರೆದಿದ್ದಾರೆ. ‘ಕುಳ್ಳಯ್ಯ ಅಂತಿಡಿ, ಯಾರ್ಗೂ ತೊಂದ್ರೆ ಇಲ್ಲ’ ಅನ್ನುತ್ತಾಳೆ ಪ್ರಮೀಳಾ. ಅಪ್ಪ ಇದ್ದಾಗ ಜನಗಣತಿಯವರು ಮನೆ ಯಜಮಾನರ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನು ಕೂಗಿದವಳು ನೀನು. ನೀನು ಬೇಡವೆಂದರೆ ಆಮೆ ಕುಳ್ಳಯ್ಯನಾಗುತ್ತಾನೆ, ಪುಸ್ತಕ ಆಗಲೂ ಬರುತ್ತದೆ, ಮುಂದಿನದನ್ನೂ ಬರೆಯುತ್ತೇನೆ. ಅದರಲ್ಲಿ ಒಂದು ಕೊಕ್ಕರೆಯಿದೆ. ಇನ್ನೂ ನಾಮಕರಣವಾಗಿಲ್ಲ, ಹೆದರಬೇಡ.

ತಂಗಿಗೂ ಭಾವನಿಗೂ ಕೇಳಿದೆನೆಂದು ಹೇಳು. ಅರ್ಪಿತಳಿಗೆ ಆಶೀರ್ವಾದ, ಗಂಟಲಿಗೆ ಬಿಸಿನೀರು. ಪ್ರಮೀಳಾ ನಿನ್ನ ಕಾಲಿಗೆ ನಮಸ್ಕಾರ ತಿಳಿಸಿದ್ದಾಳೆ.

ನಿನ್ನ ಮಗ,
ರವೀಂದ್ರ

ಅಂಟಿಸುವ ಮುಂಚೆ ಒಂದು ಮಾತು: ಪ್ರಾಸಕ್ಕಾಗಿ ಎಂದದ್ದು ಸುಳ್ಳು, ಅವ್ವಾ. ಹೆಸರಿರುವುದು ಸಾಲಿನ ಮೊದಲಿಗೆ; ಅಲ್ಲಿ ಯಾರನ್ನು ಕೂರಿಸಿದರೂ ಪದ್ಯ ನಡೆಯುತ್ತದೆ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ನೀನು ಅನ್ನುವುದಿಲ್ಲ, ಪ್ರಮೀಳಾ ಅನ್ನುವುದಿಲ್ಲ, ನನಗೆ ಅವರು ಬರೀ ಅಪ್ಪ. ಯಾವುದೋ ಊರಿನ ಮಕ್ಕಳಾದರೂ ಗಟ್ಟಿಯಾಗಿ ಕೂಗಲಿ ಅಂತ ಪುಸ್ತಕ ಬರೆದೆ.